ಅಕ್ಷರ ಬಾರದವರು ತೆರೆಸಿದ ಶಾಲೆ: ಅಯ್ಯಂಕಾಳಿಯವರ ಬದುಕು

ಕಿರುತೆರೆಯ ಮೇಲೆ ಒಂದು ದೃಶ್ಯ ಮೂಡಿತೆನ್ನಿ. ಎರಡು ಬಿಳಿ ಎತ್ತುಗಳನ್ನು ಹೂಡಿದ ಕಮಾನು ಗಾಡಿ. ಅದರಲ್ಲಿ ತಲೆಗೆ ರುಮಾಲು ಸುತ್ತಿಕೊಂಡ ಮೂವತ್ತು ವರ್ಷದ ಯುವಕ. ಎತ್ತುಗಳ ಕೊರಳ ಗಂಟೆ ಸದ್ದು ಮಾಡುತ್ತಿದೆ. ಗಾಡಿ ಊರಿನ ರಸ್ತೆಯಲ್ಲಿ ಸಾಗುತ್ತಿದೆ. ನಿಮಗೆ ಇದರಲ್ಲಿ ವಿಶೇಷವೇನೂ ಕಾಣಿಸದು. ಹೆಚ್ಚೆಂದರೆ, ಯಾರೋ ಮದುವೆಗೆ ಹೊರಟಿರಬೇಕು ಎಂದುಕೊಂಡೀರಿ.

ಆದರೆ 1893ರಲ್ಲಿ, ತಿರುವನಂತಪುರದ ದಕ್ಷಿಣಕ್ಕಿರುವ ವೆಂಗಾನೂರಿನ ರಸ್ತೆಯಲ್ಲಿ ಇದೇ ದೃಶ್ಯವನ್ನು ಕಂಡವರು ಕೆರಳಿದರು. ಗಾಡಿಯನ್ನು ಅಡ್ಡಗಟ್ಟಲು ಬಂದರು. ಯುವಕ ಹಿಂದಿರುಗಲಿಲ್ಲ. ಆ ಯುವಕನೇ ಅಯ್ಯಂಕಾಳಿ. ಮಲಯಾಳಿಗಳು ಆ ಪ್ರಯಾಣವನ್ನು 'ವಿಲ್ಲುವಂಡಿ ಯಾತ್ರೆ' ಎಂದು ಇಂದಿಗೂ ನೆನೆಯುತ್ತಾರೆ. ವಿಲ್ಲು ಎಂದರೆ ನಮ್ಮ ಬಿಲ್ಲು. ವಂಡಿ ಎಂದರೆ ನಮ್ಮ ಬಂಡಿ.

ಒಂದು ಗಾಡಿ ಅಷ್ಟು ಜನರನ್ನು ಕೆರಳಿಸಿದ್ದೇಕೆ? ಅದನ್ನು ತಿಳಿಯಬೇಕಾದರೆ ಆ ಕಾಲದ ತಿರುವಾಂಕೂರನ್ನು ಸ್ವಲ್ಪ ಅರಿತುಕೊಳ್ಳಬೇಕು.

ಕಾಗದದ ಮೇಲೊಂದು, ರಸ್ತೆಯ ಮೇಲೊಂದು

ಇಂದಿನ ಕೇರಳದ ದಕ್ಷಿಣ ಭಾಗವೂ ತಮಿಳುನಾಡಿನ ಕನ್ಯಾಕುಮಾರಿ ಪ್ರದೇಶವೂ ಸೇರಿ ತಿರುವಾಂಕೂರು ಸಂಸ್ಥಾನವಾಗಿತ್ತು. ಅಲ್ಲಿ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದ ದೊಡ್ಡ ಸಮುದಾಯ ಪುಲಯರದು. ತಲೆಮಾರುಗಳ ಕಾಲ ಅವರನ್ನು ಜಮೀನಿನೊಡನೆ ಕೊಳ್ಳುವ, ಮಾರುವ ಪದ್ಧತಿಯಿತ್ತು. 1855ರಲ್ಲಿ ಸಂಸ್ಥಾನವು ಗುಲಾಮಗಿರಿಯನ್ನು ರದ್ದುಮಾಡಿತು. ಸರ್ಕಾರಿ ರಸ್ತೆಗಳು ಎಲ್ಲರಿಗೂ ಸೇರಿದವು ಎಂದು ಆ ಶತಮಾನದ ಉತ್ತರಾರ್ಧದಲ್ಲೇ ಸಾರಲಾಯಿತು.

ಇಷ್ಟಾದರೂ ನಡೆಯುತ್ತಿದ್ದುದು ಬೇರೆ. ಪುಲಯರು ಮೇಲ್ಜಾತಿಯವರಿಂದ ಇಂತಿಷ್ಟು ಹೆಜ್ಜೆ ದೂರದಲ್ಲಿರಬೇಕು. ಎದುರಿಗೆ ಯಾರಾದರೂ ಬಂದರೆ ದಾರಿ ಬಿಟ್ಟು ಗದ್ದೆಗೆ ಇಳಿಯಬೇಕು. ಒಳ್ಳೆಯ ಬಟ್ಟೆ ತೊಡುವಂತಿಲ್ಲ. ಗಾಡಿಯಲ್ಲಿ ಕೂರುವುದಂತೂ ಊಹೆಗೂ ಮೀರಿದ ಮಾತು. ಆದೇಶ ಹೊರಡಿಸಿದ ಸರ್ಕಾರವೇ ಅದು ಜಾರಿಯಾಯಿತೇ ಎಂದು ನೋಡಲು ಬರುತ್ತಿರಲಿಲ್ಲ.

ಅಯ್ಯಂಕಾಳಿ ಹುಟ್ಟಿದ್ದು 1863ರ ಆಗಸ್ಟ್ 28ರಂದು, ವೆಂಗಾನೂರಿನ ಇಂಥದೇ ಒಂದು ಕುಟುಂಬದಲ್ಲಿ. ತಂದೆ ಅಯ್ಯನ್, ತಾಯಿ ಮಾಲಾ. ಶಾಲೆಯ ಬಾಗಿಲು ಅವರಿಗೆ ತೆರೆದಿರಲಿಲ್ಲವಾದ್ದರಿಂದ ಓದು ಬರಹ ಕಲಿಯಲಿಲ್ಲ. ಆದರೆ ಕಟ್ಟುಮಸ್ತಾದ ಮೈ, ಅಂಜದ ಸ್ವಭಾವ. ಅವರ ಸುತ್ತ ಓರಗೆಯ ಯುವಕರ ಒಂದು ಗುಂಪು ಸೇರಿತು.

ಈಗ ಆ ಗಾಡಿಯ ಅರ್ಥ ನಿಮಗೆ ಹೊಳೆದಿರಬೇಕು. ಅಯ್ಯಂಕಾಳಿ ಹೊಸ ಹಕ್ಕೊಂದನ್ನು ಬೇಡಲಿಲ್ಲ. ಕಾನೂನು ಆಗಲೇ ಕೊಟ್ಟಿದ್ದ ಹಕ್ಕನ್ನು ಬಳಸಿ ತೋರಿಸಿದರು. ನೀವು ಭೌತಶಾಸ್ತ್ರದಲ್ಲಿ ಜಡತ್ವದ ನಿಯಮ ಓದಿದ್ದೀರಿ: ಹೊರಗಿನಿಂದ ಬಲ ಬೀಳುವ ತನಕ ನಿಂತ ವಸ್ತು ನಿಂತೇ ಇರುತ್ತದೆ. ಸಮಾಜಕ್ಕೂ ಅಂಥ ಜಡತ್ವವುಂಟು. ಆದೇಶದ ಕಾಗದ ಅದನ್ನು ಕದಲಿಸಲಾರದು. ಆದೇಶವನ್ನು ಕೈಯಲ್ಲಿ ಹಿಡಿದು ಒಬ್ಬರು ಮುಂದೆ ಹೆಜ್ಜೆ ಇಡಬೇಕು. ಅದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. 1898ರಲ್ಲಿ ಅಯ್ಯಂಕಾಳಿ ಮತ್ತು ಸಂಗಡಿಗರು ಬಲರಾಮಪುರಂನ ರಸ್ತೆಯಲ್ಲಿ ನಡೆದಾಗ ದೊಡ್ಡ ಹೊಡೆದಾಟವೇ ಆಯಿತು.

ಗದ್ದೆಯಲ್ಲಿ ಕೆಲಸ ನಿಂತಾಗ

ರಸ್ತೆಯ ಬಳಿಕ ಅಯ್ಯಂಕಾಳಿಯವರ ಮನಸ್ಸು ಹೋದದ್ದು ಶಾಲೆಯ ಕಡೆಗೆ. ಸರ್ಕಾರಿ ಶಾಲೆಗಳು ಪುಲಯ ಮಕ್ಕಳನ್ನು ಸೇರಿಸಿಕೊಳ್ಳದಿದ್ದಾಗ, ವೆಂಗಾನೂರಿನಲ್ಲಿ ತಾವೇ ಒಂದು ಗುಡಿಸಲು ಶಾಲೆ ಕಟ್ಟಿದರು. ವಿರೋಧಿಗಳು ಅದನ್ನು ಸುಟ್ಟರು. ಮತ್ತೆ ಕಟ್ಟಿದರು.

1907ರಲ್ಲಿ ಅವರು 'ಸಾಧು ಜನ ಪರಿಪಾಲನ ಸಂಘ'ವನ್ನು ಸ್ಥಾಪಿಸಿದರು. ಹೆಸರನ್ನು ಗಮನಿಸಿ. 'ಪುಲಯ ಸಂಘ' ಎಂದು ಕರೆಯಲಿಲ್ಲ. ಸಾಧು ಜನ, ಅಂದರೆ ಬಡವರ, ದಿಕ್ಕಿಲ್ಲದವರ ಸಂಘ ಎಂದರು. ದಮನಕ್ಕೊಳಗಾದ ಬೇರೆ ಸಮುದಾಯಗಳಿಗೂ ಅದರಲ್ಲಿ ಎಡೆಯಿತ್ತು.

ಆ ವರ್ಷಗಳಲ್ಲಿಯೇ ಗದ್ದೆ ಕೂಲಿಗಾರರ ಮುಷ್ಕರ ನಡೆಯಿತು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಜಾಗವಿಲ್ಲವೆಂದರೆ ನಿಮ್ಮ ಗದ್ದೆಗಳಲ್ಲಿ ಕಳೆ ಬೆಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಕೂಲಿ ಹೆಚ್ಚಳ, ವಿಶ್ರಾಂತಿ ಮೊದಲಾದ ಬೇಡಿಕೆಗಳ ಜೊತೆಗೆ ಮಕ್ಕಳ ಶಾಲೆಯ ಬೇಡಿಕೆಯೂ ಸೇರಿತ್ತು ಎಂಬುದೇ ಈ ಮುಷ್ಕರದ ಹೆಚ್ಚಳ.

ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಇದರ ಪೆಟ್ಟು ಎಲ್ಲಿ ಬಿತ್ತೆಂದು ವಿವರಿಸಬೇಕಾಗಿಲ್ಲ. ಭತ್ತದ ಬೇಸಾಯದಲ್ಲಿ ಪ್ರತಿ ಕೆಲಸಕ್ಕೂ ಒಂದು ಹದವಿದೆ. ಸಸಿ ಬಲಿತ ಮೇಲೆ ನಾಟಿ ಮಾಡಿದರೆ ತೆಂಡೆ ಒಡೆಯದು. ಕಳೆ ಕೀಳದಿದ್ದರೆ ಪೈರು ಸೊರಗುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಗ್ಗಿ ಅಭ್ಯಾಸವಿಲ್ಲದವರು ಒಂದು ದಿನದಲ್ಲಿ ಆ ಕೆಲಸ ಕಲಿಯಲಾರರು. ಯಾರ ಕೈಗಳನ್ನು ಅಷ್ಟು ಕೀಳಾಗಿ ಕಂಡಿದ್ದರೋ, ಆ ಕೈಗಳಿಲ್ಲದೆ ಅನ್ನವಿಲ್ಲ ಎಂಬುದು ಭೂಮಾಲೀಕರಿಗೆ ಅರಿವಾಯಿತು.

ಆದರೆ ಮುಷ್ಕರ ಹೂಡಿದವರ ಮನೆಯಲ್ಲೂ ಒಲೆ ಉರಿಯಬೇಕಲ್ಲ! ದಿನದ ಕೂಲಿಯಿಂದಲೇ ಬದುಕುವವರು ಎಷ್ಟು ದಿನ ತಾಳಿಯಾರು? ಆಗ ಹತ್ತಿರದ ಕಡಲ ತೀರದ ಮೀನುಗಾರರು ಅವರನ್ನು ತಮ್ಮ ದೋಣಿಗಳಿಗೆ ಕೆಲಸಕ್ಕೆ ಕರೆದುಕೊಂಡರು. ಕೊನೆಗೆ ಮ್ಯಾಜಿಸ್ಟ್ರೇಟರೊಬ್ಬರ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ ಕೂಲಿ ಹೆಚ್ಚಿತು.

ಒಂದು ಬೆಂಚಿನ ಕಥೆ

1910ರಲ್ಲಿ, ದಿವಾನ ಪಿ. ರಾಜಗೋಪಾಲಾಚಾರಿಯವರ ಕಾಲದಲ್ಲಿ, ಶಾಲಾ ಪ್ರವೇಶದ ಸರ್ಕಾರಿ ಆದೇಶ ಬಹಿರಂಗವಾಯಿತು. ವಿರೋಧ ಎಲ್ಲ ಕಡೆಯಿಂದ ಬಂತು. ದಿವಾನರ ಆಡಳಿತವನ್ನು ನಿರ್ಭಯವಾಗಿ ಟೀಕಿಸಿ ಅದೇ ವರ್ಷ ಗಡೀಪಾರಾದ 'ಸ್ವದೇಶಾಭಿಮಾನಿ' ಪತ್ರಿಕೆಯ ಸಂಪಾದಕ ಕೆ. ರಾಮಕೃಷ್ಣ ಪಿಳ್ಳೈ ಅವರು ಕೂಡ ಇದನ್ನು ವಿರೋಧಿಸಿ ಬರೆದರು. ತಲೆಮಾರುಗಳಿಂದ ಬುದ್ಧಿಯನ್ನು ಉತ್ತವರನ್ನೂ ಗದ್ದೆಯನ್ನು ಉತ್ತವರನ್ನೂ ಒಂದೇ ತರಗತಿಯಲ್ಲಿ ಕೂರಿಸುವುದು ಕುದುರೆ ಎಮ್ಮೆಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ ಎಂಬುದು ಅವರ ವಾದವಾಗಿತ್ತು. ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಎಲ್ಲವನ್ನೂ ಕಳೆದುಕೊಂಡ ವ್ಯಕ್ತಿಗೂ ಈ ಒಂದು ಗೋಡೆಯನ್ನು ದಾಟಲಾಗಲಿಲ್ಲ. ಜಾತಿಯ ಬೇರು ಎಷ್ಟು ಆಳದಲ್ಲಿತ್ತೆಂಬುದಕ್ಕೆ ಇದೊಂದು ಉದಾಹರಣೆ.

ಆದೇಶ ಬಂದರೂ ಶಾಲೆಗಳು ಬಾಗಿಲು ತೆರೆಯಲಿಲ್ಲ. 1914ರ ಸುಮಾರಿಗೆ ಅಯ್ಯಂಕಾಳಿ ಪಂಚಮಿ ಎಂಬ ಪುಟ್ಟ ಬಾಲಕಿಯನ್ನು ಕರೆದುಕೊಂಡು ಊರುಟ್ಟಂಬಲಂ ಎಂಬಲ್ಲಿನ ಶಾಲೆಗೆ ಹೋದರು. ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಗಲಭೆ ಎದ್ದಿತು, ಶಾಲೆಗೇ ಬೆಂಕಿ ಬಿತ್ತು. ಒಂದು ಮಗು ಕುಳಿತ ಶಾಲೆ ತಮ್ಮ ಮಕ್ಕಳಿಗೂ ಬೇಡ ಎನ್ನುವಷ್ಟು ಸಿಟ್ಟು! ಬೆಂಕಿಯಲ್ಲಿ ಉಳಿದ ಅರೆಸುಟ್ಟ ಬೆಂಚನ್ನು ಆ ಶಾಲೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. 2022ರಲ್ಲಿ ಕೇರಳ ಸರ್ಕಾರ ಆ ಶಾಲೆಗೆ ಅಯ್ಯಂಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಟ್ಟಿತು.

ಸಭೆಯೊಳಗೆ ಒಂದು ದನಿ

ಇಷ್ಟು ಹೊತ್ತಿಗೆ ಅಯ್ಯಂಕಾಳಿ ರಾಜಕಾರಣಕ್ಕೂ ಕಾಲಿಟ್ಟಿದ್ದರು. ನಮ್ಮ ಮೈಸೂರಿನಲ್ಲಿ 1881ರಲ್ಲಿ ಪ್ರಜಾ ಪ್ರತಿನಿಧಿ ಸಭೆ ಆರಂಭವಾದುದನ್ನು ನೀವು ಓದಿದ್ದೀರಿ. ತಿರುವಾಂಕೂರಿನಲ್ಲಿ ಅಂಥದೇ 'ಶ್ರೀಮೂಲಂ ಪ್ರಜಾ ಸಭೆ' 1904ರಲ್ಲಿ ಹುಟ್ಟಿತು. ಶಾಸನ ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಸದಸ್ಯರು ಜನರ ಅಹವಾಲುಗಳನ್ನು ದಿವಾನರ ಮುಂದಿಡಬಹುದಿತ್ತು. ಮೊದಲು ಪುಲಯರ ಪರವಾಗಿ ಮೇಲ್ಜಾತಿಯ ಸದಸ್ಯರೊಬ್ಬರು ಮಾತನಾಡುತ್ತಿದ್ದರು. 1911ರ ಕೊನೆಯಲ್ಲಿ ಅಯ್ಯಂಕಾಳಿಯವರೇ ಸದಸ್ಯರಾಗಿ ನೇಮಕಗೊಂಡರು. 1912ರ ಅಧಿವೇಶನದಲ್ಲಿ ಭಾಗವಹಿಸಿದರು. ರಸ್ತೆಯಲ್ಲಿ ನಡೆಯಲು ಹೊಡೆದಾಡಬೇಕಾಗಿದ್ದ ವ್ಯಕ್ತಿ ಈಗ ದಿವಾನರ ಎದುರು ಸದಸ್ಯರಾಗಿ ನಿಂತಿದ್ದರು.

ಮುಂದೆ ಎರಡು ದಶಕಗಳ ಕಾಲ ಅವರು ಅಲ್ಲಿ ಕೇಳಿದ್ದೇನು? ಪಾಳುಬಿದ್ದ ಸರ್ಕಾರಿ ಭೂಮಿಯನ್ನು ಭೂಹೀನರಿಗೆ ಹಂಚಿ. ಶಾಲೆಗಳು ನಮ್ಮ ಮಕ್ಕಳನ್ನು ಸೇರಿಸಿಕೊಳ್ಳುವಂತೆ ಮಾಡಿ. ಶುಲ್ಕ ಮನ್ನಾ ಮಾಡಿ. ಓದುವ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಿ. ಓದಿದವರಿಗೆ ಸರ್ಕಾರಿ ಕೆಲಸ ಕೊಡಿ. ಶಾಲೆಯಲ್ಲಿ ಬಿಸಿಯೂಟ ಉಂಡಿರುವ ನಿಮ್ಮಲ್ಲಿ ಅನೇಕರಿಗೆ ಈ ಬೇಡಿಕೆಯ ತೂಕ ತಿಳಿಯುತ್ತದೆ. ಹಸಿದ ಮಗುವಿಗೆ ತೆರೆದ ಬಾಗಿಲಷ್ಟೇ ಸಾಲದೆಂದು ಅಕ್ಷರ ಬಾರದ ಆ ಸದಸ್ಯರು ಅರಿತಿದ್ದರು.

ಕಲ್ಲುಮಣಿ ಕಳಚಿದ ದಿನ

ಆ ಕಾಲದಲ್ಲಿ ಪುಲಯ ಹೆಣ್ಣುಮಕ್ಕಳು ಮೇಲ್ವಸ್ತ್ರ ತೊಡುವಂತಿರಲಿಲ್ಲ; ಜಾತಿಯ ಗುರುತಾಗಿ ಕೊರಳಲ್ಲಿ ಕಲ್ಲುಮಣಿಯ ಸರಗಳನ್ನು ಹಾಕಿಕೊಳ್ಳಬೇಕಾಗಿತ್ತು. ಇದನ್ನು ಬಿಡಬೇಕೆಂದು ಸಂಘ ಕರೆಯಿತ್ತಿತು. 1915ರಲ್ಲಿ ಕೊಲ್ಲಂ ಸಮೀಪದ ಪೆರಿನಾಡ್‌ನಲ್ಲಿ ಇದಕ್ಕಾಗಿ ಸೇರಿದ ಸಭೆಯ ಮೇಲೆ ದಾಳಿ ನಡೆದು ಗಲಭೆ ಹಬ್ಬಿತು, ಗುಡಿಸಲುಗಳು ಉರಿದವು.

ಅದೇ ವರ್ಷದ ಡಿಸೆಂಬರಿನಲ್ಲಿ ಅಯ್ಯಂಕಾಳಿ ಕೊಲ್ಲಂನಲ್ಲಿ, ಸರ್ಕಸ್ಸಿನ ಡೇರೆಯೊಂದರಲ್ಲಿ, ಸಭೆ ಏರ್ಪಡಿಸಿದರು. ನಾಯರ್ ಸಮುದಾಯದ ನಾಯಕ ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೈ ಅದರ ಅಧ್ಯಕ್ಷತೆ ವಹಿಸಿದ್ದರು. ಅಯ್ಯಂಕಾಳಿಯವರ ಮಾತು ಕೇಳಿ ಹೆಂಗಸರು ಎದ್ದು ನಿಂತು ಕೊರಳ ಕಲ್ಲುಸರಗಳನ್ನು ಕಿತ್ತು ಎಸೆದರು. ಸರಗಳ ರಾಶಿಯೇ ಬಿತ್ತು.

ಹತ್ತು ಪದವೀಧರರ ಆಸೆ

ಒಬ್ಬ ನಾಯಕರ ಬದುಕನ್ನು ಓದುವಾಗ ಜಯಗಳನ್ನಷ್ಟೇ ಎಣಿಸಬಾರದು. ಅಯ್ಯಂಕಾಳಿಯವರ ಸಭಾ ಸದಸ್ಯತ್ವ ಸರ್ಕಾರದ ನೇಮಕದಿಂದ ಬಂದದ್ದು. ಜನರ ಮತದಿಂದ ಬಂದದ್ದಲ್ಲ. ಕೇಳುವುದು ಅವರ ಕೈಲಿತ್ತು, ಕೊಡುವುದು ಇರಲಿಲ್ಲ. ಎಲ್ಲ ಸಾಧುಜನರನ್ನೂ ಒಂದುಗೂಡಿಸುವ ಅವರ ಕನಸು ಪೂರ್ತಿ ಕೈಗೂಡಲಿಲ್ಲ. ಕಾಲಕ್ರಮದಲ್ಲಿ ಒಂದೊಂದು ಜಾತಿಯೂ ತನ್ನದೇ ಸಂಘ ಕಟ್ಟಿಕೊಂಡಿತು; ಸಾಧು ಜನ ಪರಿಪಾಲನ ಸಂಘ ಕ್ಷೀಣಿಸಿತು.

1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದರು. 1937ರ ಜನವರಿಯಲ್ಲಿ ಗಾಂಧೀಜಿ ವೆಂಗಾನೂರಿಗೆ ಬಂದು ಅಯ್ಯಂಕಾಳಿಯವರನ್ನು ಕಂಡರು. ಆಗ ಅಯ್ಯಂಕಾಳಿಯವರಿಗೆ ಎಪ್ಪತ್ತಮೂರು ವರ್ಷ. ತಾವು ಸಾಯುವ ಮುನ್ನ ತಮ್ಮ ಜನರಲ್ಲಿ ಹತ್ತು ಮಂದಿ ಬಿ.ಎ. ಪದವೀಧರರನ್ನು ಕಾಣಬೇಕೆಂಬ ಆಸೆಯನ್ನು ಅವರು ಗಾಂಧೀಜಿಯವರಲ್ಲಿ ತೋಡಿಕೊಂಡರು. ಗಾಡಿ ಹತ್ತಿದ ದಿನದಿಂದ ಲೆಕ್ಕ ಹಾಕಿದರೆ ನಲವತ್ತನಾಲ್ಕು ವರ್ಷಗಳ ದುಡಿಮೆ. ಆದರೂ ಕೇಳಿದ್ದು ಹತ್ತು! ಆ ಸಂಖ್ಯೆಯೇ ಎಲ್ಲವನ್ನೂ ಹೇಳುತ್ತದೆ. 1941ರ ಜೂನ್ 18ರಂದು ಅವರು ತೀರಿಕೊಂಡರು.

1980ರಲ್ಲಿ ತಿರುವನಂತಪುರದ ವೆಳ್ಳಯಂಬಲಂನಲ್ಲಿ ಇಂದಿರಾ ಗಾಂಧಿಯವರು ಅವರ ಪ್ರತಿಮೆಯನ್ನು ಅನಾವರಣಗೊಳಿಸಿದರು. 2002ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಶ್ರೀಮೂಲಂ ಪ್ರಜಾ ಸಭೆ ಸೇರುತ್ತಿದ್ದ, ವಿಕ್ಟೋರಿಯಾ ರಾಣಿಯ ಹೆಸರು ಹೊತ್ತಿದ್ದ ತಿರುವನಂತಪುರದ ಪುರಭವನಕ್ಕೆ 2019ರಲ್ಲಿ ಅಯ್ಯಂಕಾಳಿ ಭವನ ಎಂದು ಹೆಸರಾಯಿತು.

ನೀವೇ ಮಾಡಿ ನೋಡಿ

ನಿಮ್ಮ ಶಾಲೆ ಹಳೆಯದಾಗಿದ್ದರೆ, ಅದು ಆರಂಭವಾದದ್ದು ಯಾವಾಗ, ಮೊದಲ ಹುಡುಗಿ ಸೇರಿದ್ದು ಯಾವ ವರ್ಷ, ದಲಿತ ಮಕ್ಕಳು ಸೇರಿದ್ದು ಯಾವ ವರ್ಷ ಎಂದು ಉಪಾಧ್ಯಾಯರನ್ನು ಕೇಳಿ. ಊರಿನ ಹಿರಿಯರನ್ನೂ ವಿಚಾರಿಸಿ. ಶಾಲೆ ತೆರೆದ ವರ್ಷಕ್ಕೂ ಅದು ಎಲ್ಲರಿಗೂ ತೆರೆದ ವರ್ಷಕ್ಕೂ ನಡುವೆ ಎಷ್ಟು ಅಂತರವಿದೆ? ಆ ಅಂತರವನ್ನು ತುಂಬಲು ಯಾರೋ ಒಬ್ಬರು ಮಗುವಿನ ಕೈ ಹಿಡಿದು ಬಾಗಿಲವರೆಗೆ ನಡೆದಿರಲೇಬೇಕು. ಅವರು ಯಾರೆಂದು ಹುಡುಕಿ, ಬರೆದಿಡಿ.