ಹುಲಿಯ ಪಟ್ಟೆ, ಹುಲಿಯ ಪಟ

2023ರ ಡಿಸೆಂಬರು ತಿಂಗಳಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಬಂಡೀಪುರಕ್ಕೆ ಪ್ರವಾಸ ಹೋಗಿದ್ದೆವು. ತಾಳವಾಡಿಯಿಂದ ಬುತ್ತಿ ಕಟ್ಟಿಕೊಂಡು ಹೊರಟು, ಚಾಮರಾಜನಗರ, ಗುಂಡ್ಲುಪೇಟೆಗಳನ್ನು ದಾಟಿ, ಮೇಲುಕಾಮನಹಳ್ಳಿಯಲ್ಲಿ ಮಧ್ಯಾಹ್ನದ ಸಫಾರಿ ಬಸ್ಸು ಹತ್ತಿದೆವು. ಜಿಂಕೆಯ ಹಿಂಡುಗಳನ್ನು ಕಂಡೆವು. ಮರಿಯೊಡನೆ ನಿಂತ ಆನೆಯನ್ನು ಕಂಡೆವು. ಕಾಟಿ, ನವಿಲು, ಮುಂಗುಸಿಗಳನ್ನೂ ಕಂಡೆವು. ಹುಲಿಯನ್ನು ಮಾತ್ರ ಕಾಣಲಿಲ್ಲ. ಬಸ್ಸು ಮರಳಿ ಬರುವಾಗ ಮಕ್ಕಳ ಮುಖಗಳು ಬಾಡಿದ್ದವು. ಆಗ ಹಿಂದಿನ ಸೀಟಿನಿಂದ ಒಬ್ಬ ಹುಡುಗನ ಧ್ವನಿ ಕೇಳಿತು:

"ಸಾರ್, ನಮ್ಮ ಹಟ್ಟಿ ಹಿಂದ್ಗಡೆ ಬಂದು ಹಸ ಹಿಡ್ಕೊಂಡೋದ ಹುಲಿ ನೋಡಕೆ ಇಷ್ಟು ದೂರ ದುಡ್ಡು ಕೊಟ್ಟು ಬರ್ಬೇಕಿತ್ತಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಅದು ನಗೆಯ ಮಾತಾಗಿರಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಅವನ ಮನೆಯ ಕರೆಯುವ ಹಸುವನ್ನು ಕಾಡಂಚಿನಲ್ಲಿ ಹುಲಿ ಕೊಂದಿತ್ತು. ಒಂದೇ ಪ್ರಾಣಿ ಒಬ್ಬರಿಗೆ ಕಾಸು ಕೊಟ್ಟು ನೋಡುವ ನೋಟ, ಇನ್ನೊಬ್ಬರಿಗೆ ಮನೆಯ ಹಾಲಿಗೆ ಬಂದ ಸಂಚಕಾರ. ಆ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯಲು ಯತ್ನಿಸಿದ್ದೇವೆ.

ಮೊದಲನೆಯದಾಗಿ, ಕಾಡಿಗೆ ಹೋದ ಮಾತ್ರಕ್ಕೆ ಹುಲಿ ಏಕೆ ಕಾಣುವುದಿಲ್ಲ? ಬೇಟೆ ಹೇರಳವಾಗಿರುವ ಕಾಡಿನಲ್ಲಿಯೂ ಒಂದು ಹೆಣ್ಣು ಹುಲಿಗೆ ಸುಮಾರು 20 ಚದರ ಕಿಲೋಮೀಟರಿನಷ್ಟು ಸೀಮೆ ಬೇಕು. ಗಂಡಿಗೆ ಇನ್ನೂ ಹೆಚ್ಚು. ಹಗಲಿನ ಬಿಸಿಯಲ್ಲಿ ಅದು ನೆರಳಿನಲ್ಲಿ ಮಲಗಿರುತ್ತದೆ. ಓಡಾಟವೆಲ್ಲ ಮುಂಜಾನೆ, ಮುಸ್ಸಂಜೆ ಮತ್ತು ರಾತ್ರಿ. ಮೇಲಾಗಿ ಅದರ ಮೈಬಣ್ಣ. ನಮ್ಮ ಕಣ್ಣಿಗೆ ಬೆಂಕಿಯಂತೆ ಎದ್ದು ಕಾಣುವ ಆ ಕೇಸರಿ ಬಣ್ಣ ಜಿಂಕೆಯ ಕಣ್ಣಿಗೆ ಹಾಗೆ ಕಾಣುವುದೇ ಇಲ್ಲ. ಕೆಂಪನ್ನೂ ಹಸಿರನ್ನೂ ಬೇರ್ಪಡಿಸುವ ಶಕ್ತಿ ಅದರ ಕಣ್ಣಿಗಿಲ್ಲವಾದುದರಿಂದ, ಹುಲಿಯ ಮೈ ಅದಕ್ಕೆ ಹುಲ್ಲುಪೊದೆಯ ಬಣ್ಣದಲ್ಲಿಯೇ ಬೆರೆತುಹೋಗುತ್ತದೆ. ಕಪ್ಪು ಪಟ್ಟೆಗಳು ಒಣಹುಲ್ಲಿನ ನೆರಳಿನಂತೆ ತೋರುತ್ತವೆ. ಬಣ್ಣ ಬಲ್ಲ ನಾವೇ ಲಂಟಾನದ ಪೊದೆಯ ಆಚೆ ಹತ್ತು ಮಾರು ದೂರದಲ್ಲಿ ಮಲಗಿದ ಹುಲಿಯನ್ನು ನೋಡದೆ ದಾಟಿ ಹೋಗುತ್ತೇವೆ.

ಆದ್ದರಿಂದ ಹುಲಿಯನ್ನು ಕಾಣುವ ಕೆಲಸ ಕಣ್ಣಿನದಲ್ಲ, ಕಿವಿಯದು. ಮರದ ತುದಿಯಲ್ಲಿ ಕುಳಿತ ಮುಸುವ ಹುಲಿಯನ್ನು ಕಂಡೊಡನೆ ಕೆಮ್ಮಿದಂತೆ ಗದರುತ್ತದೆ. ಅದರ ಕೆಳಗೆ ಮೇಯುತ್ತಿದ್ದ ಜಿಂಕೆ ಬಾಲ ನಿಗುರಿಸಿ, ಮುಂಗಾಲನ್ನು ನೆಲಕ್ಕೆ ಬಡಿದು, ಚೀರುತ್ತದೆ. ಜಿಂಕೆ ಸುಳ್ಳು ಗಾಬರಿಗೂ ಕೂಗುವುದುಂಟು. ಆದರೆ ಕಡವೆಯ ಗಂಭೀರವಾದ ಕೂಗು ಮತ್ತೆ ಮತ್ತೆ ಕೇಳಿತೆಂದರೆ ಅನುಭವಸ್ಥ ಚಾಲಕ ಇಂಜಿನನ್ನು ನಿಲ್ಲಿಸಿಬಿಡುತ್ತಾನೆ. ನಮ್ಮ ಬಸ್ಸಿನ ಚಾಲಕರೂ ಒಂದು ಕೆರೆಯ ಬಳಿ ಹಾಗೆ ನಿಲ್ಲಿಸಿದ್ದರು. "ಮೇಷ್ಟ್ರೇ, ಮಕ್ಕಳನ್ನ ಒಂದು ಗಳಿಗೆ ಸುಮ್ಮನಿರಿಸಿ" ಎಂದರು. ನಾವು ಸುಮ್ಮನಿರಿಸಲು ಹೋಗಿ ಮಾಡಿದ ಗದ್ದಲವೇ ಮಕ್ಕಳ ಗದ್ದಲಕ್ಕಿಂತ ಹೆಚ್ಚಾಯಿತೆಂದು ಈಗ ಒಪ್ಪಿಕೊಳ್ಳುತ್ತೇವೆ.

ಸುಳಿವು ಮೂಗಿಗೂ ಸಿಗುವುದುಂಟು. ಹುಲಿ ತನ್ನ ಗಡಿಯನ್ನು ಮರಗಳ ಬುಡಕ್ಕೆ ಮೂತ್ರ ಸಿಂಪಡಿಸಿ ಗುರುತಿಸುತ್ತದೆ. ಬಾಸುಮತಿ ಅಕ್ಕಿಯ ಅನ್ನಕ್ಕೆ ಘಮ ಕೊಡುವ ರಾಸಾಯನಿಕವೇ ಅದರಲ್ಲಿಯೂ ಇದೆ. ಕಾಡಿನ ನಡುವೆ ಅನ್ನ ಬೆಂದ ವಾಸನೆ ಬಂದರೆ ಹಸಿವೆಯೆಂದು ತಿಳಿಯಬೇಡಿ!

ಇನ್ನು ಪಟದ ವಿಷಯ. ಒಂದು ಕಾಲದಲ್ಲಿ ಹುಲಿಯೊಡನೆ ತೆಗೆಸಿಕೊಂಡ ಪಟವೆಂದರೆ ಸತ್ತ ಹುಲಿಯ ಮೇಲೆ ಕಾಲಿಟ್ಟು, ಕೋವಿ ಹಿಡಿದು ನಿಂತ ಪಟವೇ. ಇಂದಿನ ಬಂಡೀಪುರವೂ ಮೈಸೂರು ಮಹಾರಾಜರ ಬೇಟೆಯ ಕಾಡಾಗಿತ್ತು. ಕೋವಿಯ ಬದಲು ಕ್ಯಾಮರಾ ಹಿಡಿದ ಮೊದಲಿಗರಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಮುಖ್ಯರು. ಆಗಿನ ಸಂಯುಕ್ತ ಪ್ರಾಂತದ ಕಾಡುಗಳಲ್ಲಿ ಅವರು ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ತೆಳ್ಳನೆಯ ತಂತಿ ಕಟ್ಟಿ, ಅದನ್ನು ಕ್ಯಾಮರಾಕ್ಕೆ ಜೋಡಿಸುತ್ತಿದ್ದರು. ಹುಲಿ ತಂತಿಯನ್ನು ತುಳಿದರೆ ಬೆಳಕು ಮಿಂಚಿ ಪಟ ಬೀಳುತ್ತಿತ್ತು. ಹುಲಿ ತನ್ನ ಪಟವನ್ನು ತಾನೇ ತೆಗೆದುಕೊಂಡಂತೆ. ರಾತ್ರಿಯ ಕಾಡಿನಲ್ಲಿ ನಡೆದುಬರುವ ಹುಲಿಯ ಅವರ ಚಿತ್ರಗಳು 1925ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದವು. 1927ರಲ್ಲಿ ಅವರ ಪುಸ್ತಕವೂ ಬಂದಿತು.

ಈ ತಂತಿಯ ಉಪಾಯವೇ ಮುಂದೆ ವಿಜ್ಞಾನಕ್ಕೆ ದಾರಿಯಾಯಿತು. ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1972ರಲ್ಲಿ ನಮ್ಮ ದೇಶದ ಹುಲಿಗಳನ್ನು ಎಣಿಸಿದಾಗ ಸಿಕ್ಕ ಲೆಕ್ಕ 1,827. ಮರುವರ್ಷ, ಅಂದರೆ 1973ರ ಏಪ್ರಿಲಿನಲ್ಲಿ, ಹುಲಿ ಯೋಜನೆ ಪ್ರಾರಂಭವಾಯಿತು. ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆ ದಿನಗಳಲ್ಲಿ ಎಣಿಕೆ ನಡೆಯುತ್ತಿದ್ದುದು ಹೆಜ್ಜೆಗುರುತಿನಿಂದ. ಧೂಳಿನಲ್ಲಿ ಮೂಡಿದ ಹೆಜ್ಜೆಯ ಮೇಲೆ ಗಾಜಿಟ್ಟು, ಅಂಚನ್ನು ಕಾಗದಕ್ಕೆ ಇಳಿಸಿಕೊಂಡು, ಇದು ಇಂಥ ಹುಲಿಯದೆಂದು ಗುರುತಿಸುವುದು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಮರಳಿನಲ್ಲಿ ಇನ್ನೊಂದು ಬಗೆ. ಎಣಿಸುವವರ ಆಸೆಯೂ ಲೆಕ್ಕದೊಳಗೆ ಸೇರಿಕೊಳ್ಳುತ್ತಿತ್ತು. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಕಡತಗಳಲ್ಲಿ ಹುಲಿಗಳಿದ್ದವು. 2005ರಲ್ಲಿ ಹುಡುಕಿ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು. ಹಾಜರಿ ಪುಸ್ತಕದಲ್ಲಿ ತುಂಬಿದ ತರಗತಿ, ಒಳಗೆ ಹೋದರೆ ಖಾಲಿ ಬೆಂಚು!

ಅದಕ್ಕೂ ಮೊದಲೇ, 1990ರ ದಶಕದಲ್ಲಿ, ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಬೇರೊಂದು ದಾರಿ ಹಿಡಿದಿದ್ದರು. ಇವರು ನಮ್ಮ ಶಿವರಾಮ ಕಾರಂತರ ಮಗ. ಮನುಷ್ಯನ ಹೆಬ್ಬೆಟ್ಟಿನ ಗುರುತಿನಂತೆ ಹುಲಿಯ ಪಟ್ಟೆಗಳು ಒಂದರದು ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಆದುದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮರಾವನ್ನು ಮೊಣಕಾಲೆತ್ತರದಲ್ಲಿ ಕಟ್ಟುತ್ತಾರೆ. ಮೈಬಿಸಿಯ ಪ್ರಾಣಿ ಮುಂದೆ ಹಾಯ್ದೊಡನೆ ಕ್ಯಾಮರಾ ತಾನಾಗಿ ಪಟ ತೆಗೆಯುತ್ತದೆ. ಈಗ ತಂತಿ ಬೇಕಾಗಿಲ್ಲ.

ಆದರೆ ಎಲ್ಲ ಹುಲಿಗಳೂ ಕ್ಯಾಮರಾದ ಮುಂದೆ ಬರುವುದಿಲ್ಲವಲ್ಲ, ಬಾರದವುಗಳ ಲೆಕ್ಕ ಹೇಗೆ? ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ಮಡಕೆಯಲ್ಲಿ ಅವರೆಕಾಳು ತುಂಬಿ. ನೋಡದೆ 20 ಕಾಳು ತೆಗೆದು, ಮಸಿಯ ಗುರುತು ಹಾಕಿ, ಮತ್ತೆ ಮಡಕೆಗೆ ಹಾಕಿ ಚೆನ್ನಾಗಿ ಕಲೆಸಿ. ಪುನಃ 20 ಕಾಳು ತೆಗೆಯಿರಿ. ಅವುಗಳಲ್ಲಿ 4 ಕಾಳಿಗೆ ಮಸಿ ಇದ್ದರೆ, ಐದಕ್ಕೊಂದು ಗುರುತಿನ ಕಾಳು ಎಂದಾಯಿತು. ಗುರುತು ಹಾಕಿದ್ದು 20. ಆದ್ದರಿಂದ ಮಡಕೆಯಲ್ಲಿ ಸುಮಾರು 100 ಕಾಳು. ಹುಲಿಗೆ ಮಸಿ ಹಚ್ಚುವ ಧೈರ್ಯ ಯಾರಿಗಿದೆ? ಹುಟ್ಟಿನಿಂದಲೇ ಬಂದ ಪಟ್ಟೆಯೇ ಮಸಿ. ಮೊದಲ ಸಲ ಪಟ ಬಿದ್ದ ಹುಲಿ ಎರಡನೆಯ ಸಲ ಎಷ್ಟು ಬಾರಿ ಸಿಕ್ಕಿತು ಎಂಬುದರಿಂದ, ಸಿಗದವುಗಳನ್ನೂ ಸೇರಿಸಿ ಅಂದಾಜು ಕಟ್ಟುತ್ತಾರೆ. ನಿಜವಾದ ಗಣಿತ ಇದಕ್ಕಿಂತ ಕಷ್ಟದ್ದು, ಆದರೆ ಬೇರು ಇದೇ.

2018ರ ಎಣಿಕೆಯಲ್ಲಿ ದೇಶದ 26,838 ಸ್ಥಳಗಳಲ್ಲಿ ಹೀಗೆ ಕ್ಯಾಮರಾ ಕಟ್ಟಿದ್ದರು. ಬಂದ ಪಟಗಳು 3 ಕೋಟಿ 48 ಲಕ್ಷಕ್ಕೂ ಮಿಕ್ಕಿದ್ದವು. ಅದು ಗಿನ್ನೆಸ್ ದಾಖಲೆಯಾಯಿತು. ಅವುಗಳಲ್ಲಿ ಹುಲಿಯ ಪಟಗಳು 76,651 ಮಾತ್ರ. ಭಾಗಿಸಿ ನೋಡಿದರೆ ಸುಮಾರು 455 ಪಟಗಳಿಗೆ ಒಂದರಲ್ಲಿ ಹುಲಿ. ಹಗಲೂ ರಾತ್ರಿ ಕಣ್ಣು ಮುಚ್ಚದೆ ಕಾದ ಕ್ಯಾಮರಾಗಳ ಪಾಡೇ ಇದಾದರೆ, ಒಂದು ಸಂಜೆ ಬಸ್ಸಿನಲ್ಲಿ ಹೋದ ನಮ್ಮ ಮಕ್ಕಳು ಬೇಸರಪಡಬೇಕಾಗಿರಲಿಲ್ಲ. 2022ರ ಎಣಿಕೆಯ ಪ್ರಕಾರ ದೇಶದ ಹುಲಿಗಳ ಸರಾಸರಿ ಅಂದಾಜು 3,682. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ನಮ್ಮ ಸತ್ಯಮಂಗಲದ ಕಾಡಿಗೆ, ಹುಲಿಗಳು ದುಪ್ಪಟ್ಟಾದುದಕ್ಕಾಗಿ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂದಿತು. ವೀರಪ್ಪನ್ ಹೆಸರಿನಿಂದ, 2000ದಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರರ ಅಪಹರಣವಾದುದರಿಂದ ಪತ್ರಿಕೆಗಳಲ್ಲಿ ಕಾಣುತ್ತಿದ್ದ ನಮ್ಮ ಕಾಡು, ಹುಲಿಯ ಹೆಸರಿನಿಂದಲೂ ಪತ್ರಿಕೆಯಲ್ಲಿ ಬಂದುದು ನಮಗೆ ಸಂತೋಷದ ಸಂಗತಿ.

ಆದರೆ ಸಫಾರಿಗೆ ಹೋದವರು ತೆಗೆಯುವ ಪಟದ ಕಥೆ ಬೇರೆ. ರಣಥಂಬೋರಿನ ಮಛಲಿ ಎಂಬ ಹೆಣ್ಣು ಹುಲಿ 2016ರಲ್ಲಿ ಮುಪ್ಪಿನಿಂದ ಸಾಯುವವರೆಗೆ ಲೆಕ್ಕವಿಲ್ಲದಷ್ಟು ಜನ ಅದರ ಪಟ ತೆಗೆದರು; ಅದು ಜನಕ್ಕೆ ಅಂಜದೆ ಬಾಳಿತು. ಎಲ್ಲ ಹುಲಿಗೂ ಆ ಭಾಗ್ಯವಿಲ್ಲ. 2024ರ ಡಿಸೆಂಬರು 31ರಂದು ಮಹಾರಾಷ್ಟ್ರದ ಉಮರೇಡ್ ಕಾಡಿನಲ್ಲಿ ತಾಯಿ ಹುಲಿಯೊಂದನ್ನೂ ಅದರ ಮರಿಗಳನ್ನೂ ಪ್ರವಾಸಿಗಳ ಜೀಪುಗಳು ಎರಡೂ ಕಡೆಯಿಂದ ಅಡ್ಡಗಟ್ಟಿದವು. ಬೊಂಬಾಯಿ ಉಚ್ಚ ನ್ಯಾಯಾಲಯವೇ ತಾನಾಗಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾಯಿತು. ಪಟದ ಆಸೆಯಿಂದ ದಾರಿ ಕಟ್ಟುವುದು ಕೋವಿಯ ಕಾಲದ ಬುದ್ಧಿಯೇ ಎಂದು ನಮ್ಮ ಅಭಿಪ್ರಾಯ. ನೀವು ಮುಂದೆ ಎಂದಾದರೂ ಹೋದರೆ, ಚಾಲಕನಿಗೆ "ಇನ್ನೂ ಹತ್ತಿರ ಬಿಡಿ" ಎಂದು ದುಂಬಾಲು ಬೀಳಬೇಡಿ. ಹುಲಿಯ ಮುಖಕ್ಕೆ ಬೆಳಕು ಮಿಂಚಿಸಬೇಡಿ. ಮೊಬೈಲಿನಲ್ಲಿ ತೆಗೆದರೆ ಹೇಗೂ ಬೀಳುವುದು ಒಂದು ಹಳದಿ ಚುಕ್ಕೆ. ಅದಕ್ಕಿಂತ ಕಣ್ಣಿನಲ್ಲಿಯೇ ತುಂಬಿಕೊಳ್ಳುವುದು ಲೇಸು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಈ ಭಾಗವನ್ನು ಪೋಷಕರೂ ಓದಬೇಕೆಂದು ಕೋರುತ್ತೇವೆ.

2021ರಲ್ಲಿ ನೀಲಗಿರಿಯ ಗೂಡಲೂರು, ಮಸಿನಗುಡಿ ಸೀಮೆಯಲ್ಲಿ ಒಂದು ಹುಲಿ ನಾಲ್ವರನ್ನೂ ಹಲವು ದನಗಳನ್ನೂ ಕೊಂದಿತೆಂದು ಜನ ರೊಚ್ಚಿಗೆದ್ದರು. ಅದನ್ನು ಬೇಟೆಯಾಡಲು ಆಜ್ಞೆಯೂ ಹೊರಟಿತ್ತು. ಮದರಾಸು ಉಚ್ಚ ನ್ಯಾಯಾಲಯ ಅವಸರದಿಂದ ಕೊಲ್ಲಬೇಡಿ ಎಂದಿತು. ಆ ಕಾಡಿನಲ್ಲಿ ಇರುವುದು ಒಂದೇ ಹುಲಿಯಲ್ಲ. ತಪ್ಪು ಮಾಡಿದ್ದು ಒಂದು, ಗುಂಡು ತಿನ್ನುವುದು ಇನ್ನೊಂದು ಆಗಬಾರದು. ಕಾಡಿನಲ್ಲಿ ಕ್ಯಾಮರಾ ಕಟ್ಟಿ, ಬಿದ್ದ ಪಟಗಳ ಪಟ್ಟೆ ಹೋಲಿಸಿ, ಟಿ23 ಎಂಬ ಅದೇ ಹುಲಿಯನ್ನು 21 ದಿನ ಹುಡುಕಿ, ಅಕ್ಟೋಬರು 15ರಂದು ಜೀವಂತ ಹಿಡಿದು ಮೈಸೂರಿಗೆ ಸಾಗಿಸಿದರು. ಪಟ್ಟೆಯ ಪಟ ಇಲ್ಲಿ ಸಾಕ್ಷಿಯ ಕೆಲಸ ಮಾಡಿತು.

ಸಾಕ್ಷಿ ಕೇಳದೆ ಶಿಕ್ಷೆ ಕೊಟ್ಟ ಸಂಗತಿಯೂ ನಮ್ಮ ಪಕ್ಕದಲ್ಲಿಯೇ ನಡೆದಿದೆ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಕಾಡಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಒಟ್ಟು ಐದು ಹುಲಿಗಳು ಸತ್ತು ಬಿದ್ದಿದ್ದವು. ಹಸುವಿನ ದೇಹಕ್ಕೆ ಹಾಕಿದ್ದ ವಿಷ ಅವುಗಳ ಹೊಟ್ಟೆ ಸೇರಿತ್ತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದಲ್ಲಿ ಹೀಗಾಯಿತಲ್ಲ ಎಂದು ನಮ್ಮೂರಿನ ಹಿರಿಯರು ಹಲುಬಿದರು. ಆದರೆ ಹಸು ಕಳೆದುಕೊಂಡವನ ಸಿಟ್ಟು ನಮಗೆ ಅರ್ಥವಾಗದ್ದಲ್ಲ. ಅದೇ ವರ್ಷ ಸರಗೂರಿನ ಸುತ್ತ ಹುಲಿಯ ದಾಳಿಗೆ ರೈತರೇ ಬಲಿಯಾದರು. ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಕಳಿಸಿತು.

ಹುಲಿ ಹಸುವನ್ನು ಕೊಂದರೆ ದೇಹವನ್ನು ಅಲ್ಲಿಂದ ಎಳೆಯಬಾರದು, ಹೂಳಬಾರದು. ಕೂಡಲೇ ಅರಣ್ಯದವರಿಗೆ ತಿಳಿಸಿ, ಬಿದ್ದ ಜಾಗದಲ್ಲಿಯೇ ಕತ್ತಿನ ಗಾಯವೂ ಸುತ್ತಲಿನ ಹೆಜ್ಜೆಗಳೂ ಕಾಣುವಂತೆ ಪಟ ತೆಗೆದಿಡಬೇಕು. ಒಬ್ಬರೇ ಹತ್ತಿರ ಹೋಗಬಾರದು, ಹುಲಿ ಮರಳಿ ಬರುವುದುಂಟು. ಪಶುವೈದ್ಯರ ಪರೀಕ್ಷೆಯ ಪತ್ರ ಪಡೆಯಬೇಕು. ಆ ಹುಡುಗನ ತಂದೆ ದುಃಖದಲ್ಲಿ ಹಸುವನ್ನು ಅಂದೇ ಹೂಳಿಬಿಟ್ಟಿದ್ದರು. ಅರ್ಜಿಯನ್ನು ನಾವೇ ಬರೆದುಕೊಟ್ಟೆವು, ಕಚೇರಿಗೆ ಮೂರು ಸಲ ಅವರೊಡನೆ ಹೋದೆವು; ಪಟವಿಲ್ಲ, ಪತ್ರವಿಲ್ಲ ಎಂದು ಅರ್ಜಿ ಮರಳಿ ಬಂದಿತು. ಹುಲಿಯ ಪಟಕ್ಕೆ ಕೋಟಿಗಟ್ಟಲೆ ಲೆಕ್ಕವಿದೆ, ಹಸುವಿನ ಒಂದು ಪಟವಿಲ್ಲದೆ ಬಡವನ ಹಾಲು ಹೋಯಿತು.

ಕಳೆದ ವರ್ಷ ಊರ ಕಾಡಂಚಿನ ಹಳ್ಳದ ದಾರಿಯಲ್ಲಿ ಅರಣ್ಯದವರು ಎರಡು ಕ್ಯಾಮರಾ ಕಟ್ಟಿದ್ದರು. ಬಿಚ್ಚಿಕೊಂಡು ಹೋಗುವ ದಿನ ಅಲ್ಲಿಗೆ ಬಂದಿದ್ದ ಕಾವಲುಗಾರರು ನಮ್ಮ ಕೋರಿಕೆಯ ಮೇಲೆ ಒಂದಿಷ್ಟು ಪಟಗಳನ್ನು ಮಕ್ಕಳಿಗೆ ತೋರಿಸಿದರು. ಬಹುತೇಕ ನಮ್ಮೂರಿನ ದನಗಳೇ. ಆಡು ಮೇಯಿಸುವ ಅಜ್ಜನೊಬ್ಬರು ಬೀಡಿ ಹಚ್ಚುತ್ತಿದ್ದ ಪಟವೂ ಇತ್ತು. ಎರಡರಲ್ಲಿ ಮಾತ್ರ ಹುಲಿ: ಒಂದರಲ್ಲಿ ಬಾಲ, ಇನ್ನೊಂದರಲ್ಲಿ ಬಲಮೈ. ಈಗ ಹತ್ತನೆಯ ತರಗತಿ ಮುಗಿಸಿರುವ ಆ ಹುಡುಗನೂ ಬಂದಿದ್ದ. ಬಹಳ ಹೊತ್ತು ಪಟ್ಟೆಗಳನ್ನೇ ನೋಡಿ, "ಇದೇನಾ ಸಾರ್, ನಮ್ಮ ಹಸ ಹಿಡಿದದ್ದು?" ಎಂದು ಕೇಳಿದ. ಎಡಮೈಯ ಪಟ ಸಿಕ್ಕಿಲ್ಲ, ಹಳೆಯ ಪಟವೂ ಇಲ್ಲ, ಹೇಳುವಂತಿಲ್ಲ ಎಂದರು ಕಾವಲುಗಾರರು.