ಚಕ್ಕರ್ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ

ನಮ್ಮ ಯಾದಗಿರಿ ಕಡೆ ತಲೆ ಸುತ್ತಿದರೆ ‘ಚಕ್ಕರ್ ಬಂತು’ ಅಂತಾರೆ. ಕೂತವರು ಎದ್ದಾಗ ಕಣ್ಣಿಗೆ ಕತ್ತಲೆ ಕವಿದರೂ ಚಕ್ಕರ್, ಗೋಡೆ ಗಿರಗಿರ ತಿರುಗಿದಂತೆ ಆದರೂ ಚಕ್ಕರ್, ಬಿಸಿಲಲ್ಲಿ ಮೈ ಹಗುರಾಗಿ ಬೀಳುವಂತೆ ಆದರೂ ಚಕ್ಕರ್. ಹೆಸರು ಒಂದೇ. ಸಲಹೆ ಮಾತ್ರ ಊರಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು.

ಕಳೆದ ದೀಪಾವಳಿಯ ಸುಮಾರಿಗೆ ನನಗೆ ಇದು ಶುರುವಾಯಿತು. ಊರು ಹತ್ತಿಕುಣಿ, ಓದು ಕಲಬುರಗಿಯಲ್ಲಿ ಬಿಇ, ಇರುವುದು ಹಾಸ್ಟೆಲ್‌ನಲ್ಲಿ. ಲ್ಯಾಬ್‌ನಲ್ಲಿ ನಿಂತು ಕೆಲಸ ಮಾಡುವಾಗ, ಮೂರನೇ ಮಹಡಿಯ ಮೆಟ್ಟಿಲು ಹತ್ತಿದಾಗ, ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಕೆಲವು ಕ್ಷಣ ಲೋಕವೇ ಮಸುಕಾಗುತ್ತಿತ್ತು. ಬಿದ್ದಿರಲಿಲ್ಲ, ಜ್ವರವಿರಲಿಲ್ಲ, ನೋವಿರಲಿಲ್ಲ. ಹಾಗಾಗಿ ಇದನ್ನು ಕಾಯಿಲೆ ಅನ್ನಬೇಕೋ ಬೇಡವೋ ಎಂಬುದೇ ಯಾರಿಗೂ ತಿಳಿಯಲಿಲ್ಲ.

ಸಲಹೆಗಳಿಗೆ ಬರವಿರಲಿಲ್ಲ. ರೂಮಿನ ಗೆಳತಿ ಗ್ಲೂಕೋಸ್ ಪುಡಿ ಕೊಟ್ಟಳು. ಹಬ್ಬಕ್ಕೆ ಊರಿಗೆ ಹೋದಾಗ ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಕಾಕಾ, “ರಾತ್ರಿ ಎರಡರ ತನಕ ಮೊಬೈಲ್ ನೋಡಿದ್ರ ಚಕ್ಕರ್ ಬರದೇ ಮತ್ತೇನ್ ಬರ್ತದ?” ಅಂದರು. ಪಕ್ಕದ ಮನೆಯ ದೊಡ್ಡವ್ವ ಅವ್ವನ ಕಿವಿಯಲ್ಲಿ, “ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ” ಅಂದಿದ್ದು ನನಗೂ ಕೇಳಿಸಿತು. ಔಷಧಿ ಅಂಗಡಿಯವರು ಏನೂ ಕೇಳದೆ ಒಂದು ಸಣ್ಣ ಬಿಳಿ ಗುಳಿಗೆ ಕೊಟ್ಟರು. ಅದನ್ನು ನುಂಗಿದರೆ ನಿದ್ದೆ ಬರುತ್ತಿತ್ತು ಅಷ್ಟೇ.

ಕೊನೆಗೆ ಅಪ್ಪ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಸುತ್ತಲಿನ ಹಳ್ಳಿಗಳ ಜನ ನಂಬುವ ಜಾಗ ಅದು. ಅವರು ಬಿ.ಪಿ. ನೋಡಲಿಲ್ಲ, ಮಂಚ ತೋರಿಸಿ ಸಲಾಯಿನ್ ಹಚ್ಚಿದರು. ಬಾಟಲಿಯೊಳಗೆ ಒಂದು ಕೆಂಪು ಸೂಜಿಮದ್ದು ಸೇರಿಸಿದಾಗ ಅಪ್ಪನ ಮುಖದಲ್ಲಿ ಸಮಾಧಾನ ಕಂಡಿತು. ಎರಡು ದಿನ ಹಗುರ ಅನ್ನಿಸಿತು. ಮೂರನೇ ದಿನ ಮತ್ತೆ ಅದೇ.

ಆಮೇಲೆ ಆ ಬಾಟಲಿಯಲ್ಲಿ ಏನಿರುತ್ತದೆ ಎಂದು ಓದಿದೆ. ಸಾಮಾನ್ಯ ಸಲಾಯಿನ್ ಅಂದರೆ ಶೇ 0.9ರಷ್ಟು ಉಪ್ಪಿನ ನೀರು. ಅರ್ಧ ಲೀಟರ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ವಾಂತಿ ಭೇದಿಯಿಂದ ಬಳಲಿದವರಿಗೆ, ರಕ್ತದೊತ್ತಡ ಕುಸಿದವರಿಗೆ ಅದು ಜೀವ ಉಳಿಸುತ್ತದೆ. ಆದರೆ ಅದರಿಂದ ರಕ್ತ ತಯಾರಾಗುವುದಿಲ್ಲ.

ಒಂದು ಮಾತು ಹೇಳಲೇಬೇಕು. ಈ ಸಲಹೆ ಕೊಟ್ಟವರಲ್ಲಿ ಯಾರೂ ಕೆಟ್ಟವರಲ್ಲ, ಸಲಹೆಗಳೆಲ್ಲ ಸುಳ್ಳೂ ಅಲ್ಲ. ಊಟ ಬಿಟ್ಟರೆ, ನಿದ್ದೆಗೆಟ್ಟರೆ, ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ತಿರುಗಿದರೆ ತಲೆ ಸುತ್ತುವುದು ನಿಜ. ಆದರೆ ಉತ್ತರ ಕೊಟ್ಟ ಇಷ್ಟು ಜನರಲ್ಲಿ ಒಬ್ಬರೂ ನನ್ನನ್ನು ಪ್ರಶ್ನೆ ಕೇಳಿರಲಿಲ್ಲ. ನಮ್ಮ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಸರ್ ಮೊದಲು ಬಿಡಿಭಾಗ ಬದಲಿಸಲು ಹೇಳುವುದಿಲ್ಲ. ‘ಯಾವಾಗ ನಿಲ್ಲುತ್ತದೆ? ಸಪ್ಲೈ ಬರುತ್ತಿದೆಯಾ? ಎಲ್ಲಿಯ ತನಕ ಸರಿ ಇದೆ?’ ಎಂದು ಕೇಳುತ್ತಾರೆ. ದೇಹಕ್ಕೂ ಅದೇ ಮರ್ಯಾದೆ ಸಿಗಬೇಕಲ್ಲವೇ?

ಹಾಗೆಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ವಾರ ಬರೆದಿಟ್ಟೆ. ಎಷ್ಟು ಹೊತ್ತಿಗೆ ಬಂತು, ಏನು ಮಾಡುತ್ತಿದ್ದೆ, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಏನು ತಿಂದಿದ್ದೆ, ಎಷ್ಟು ನಿದ್ದೆ, ಮುಟ್ಟಿನ ದಿನ ಯಾವುದು. ಎರಡು ವಾರದ ನಂತರ ಓದಿದರೆ ಚಿತ್ರ ಸ್ಪಷ್ಟವಾಗಿತ್ತು. ಮಲಗಿದ್ದಾಗ ಒಮ್ಮೆಯೂ ಬಂದಿಲ್ಲ. ಎದ್ದಾಗ, ಮೆಟ್ಟಿಲು ಹತ್ತಿದಾಗ ಬಂದಿದೆ. ಮುಟ್ಟಿನ ನಂತರದ ವಾರ ಹೆಚ್ಚಾಗಿದೆ.

ಆ ಒಂದು ಹಾಳೆ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯೆ ಹಾಳೆ ಓದಿದರು, ಮತ್ತಷ್ಟು ಪ್ರಶ್ನೆ ಕೇಳಿದರು. “ತಲೆ ತಿರುಗುತ್ತದೋ, ಕಣ್ಣು ಕತ್ತಲಾಗುತ್ತದೋ?” ಎಂಬುದು ಮೊದಲ ಪ್ರಶ್ನೆ. ಎರಡೂ ಬೇರೆ ಬೇರೆ. ಹಾಸಿಗೆಯಲ್ಲಿ ಹೊರಳಿದಾಗ, ತಲೆ ಮೇಲೆತ್ತಿದಾಗ ಒಂದು ನಿಮಿಷದೊಳಗೆ ಸುತ್ತಲಿನದೆಲ್ಲ ಗಿರಗಿರ ತಿರುಗಿ ನಿಂತರೆ ಅದು ಬಹಳ ಸಲ ಒಳಗಿವಿಯ ತೊಂದರೆ. ಅದಕ್ಕೆ ತಲೆಯನ್ನು ಕ್ರಮವಾಗಿ ತಿರುಗಿಸುವ ವ್ಯಾಯಾಮವೇ ಚಿಕಿತ್ಸೆ. ಎದ್ದಾಗ ಕತ್ತಲೆ ಕವಿದರೆ ಹುಡುಕಬೇಕಾದ ದಾರಿ ಬೇರೆ.

ಆಮೇಲೆ ಮಲಗಿಸಿ ಬಿ.ಪಿ. ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ನರದ ತುದಿಗಳು ಒತ್ತಡ ಇಳಿದದ್ದನ್ನು ಗುರುತಿಸಿ ಮಿದುಳಿಗೆ ಹೇಳುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನಾವು ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಓದುವ ಫೀಡ್‌ಬ್ಯಾಕ್ ಇದೇ. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಈ ವ್ಯವಸ್ಥೆ ಸೋತಿದೆ ಎಂದು ಲೆಕ್ಕ. ನೀರು ಕಡಿಮೆಯಾದರೆ, ಕೆಲವು ಔಷಧಗಳಿಂದ, ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದ್ದರೆ ಹೀಗಾಗಬಹುದು. ನನ್ನದು ಅಷ್ಟು ಇಳಿಯಲಿಲ್ಲ, ನಾಡಿ ಮಾತ್ರ ಜೋರಾಗಿ ಓಡುತ್ತಿತ್ತು. ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆಗೆ ಬರೆದರು.

ಹಿಮೋಗ್ಲೋಬಿನ್ 8.6 ಬಂತು. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ ಅದು 12ಕ್ಕಿಂತ ಕಡಿಮೆ ಇದ್ದರೆ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಂಪು ರಕ್ತಕಣಗಳು ಗಾತ್ರದಲ್ಲಿ ಸಣ್ಣಗಿದ್ದವು. ಅದು ಕಬ್ಬಿಣದ ಕೊರತೆಯ ಕಡೆ ಬೆರಳು ತೋರಿಸುತ್ತದೆ. ಕಣಗಳು ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ ಹುಡುಕಬೇಕಾಗುತ್ತದಂತೆ. ಅಂದರೆ ‘ರಕ್ತ ಕಡಿಮೆ ಅದ’ ಎಂಬ ಉತ್ತರವೂ ಅರ್ಧ ಉತ್ತರವೇ. ಯಾಕೆ ಕಡಿಮೆಯಾಯಿತು ಎಂದು ಇನ್ನೊಂದು ಪ್ರಶ್ನೆ ಕೇಳಬೇಕು.

ನನ್ನ ವಿಷಯದಲ್ಲಿ ಲೆಕ್ಕ ಸರಳವಾಗಿತ್ತು. ಒಂದು ಮಿಲಿ ಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಮುಟ್ಟಿನಲ್ಲಿ 80 ಮಿಲಿ ಲೀಟರ್ ರಕ್ತ ಹೋದರೆ 40 ಮಿಲಿಗ್ರಾಂ ಕಬ್ಬಿಣ ಹೋಯಿತು. ದೇಹ ಊಟದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹಾಸ್ಟೆಲ್‌ನ ಅನ್ನ, ತಿಳಿ ಸಾರು, ಅದರ ಹಿಂದೆಯೇ ಚಹಾ. ತಿಂಗಳು ತಿಂಗಳೂ ಖರ್ಚು ಜಾಸ್ತಿ, ಜಮೆ ಕಡಿಮೆ.

ಇದು ನನ್ನೊಬ್ಬಳ ಕಥೆಯಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ 47.8. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಾಗಿವೆ. ಗಂಡಸರಿಗೂ ವಿನಾಯಿತಿಯಿಲ್ಲ, ದೇಶದಲ್ಲಿ ನಾಲ್ವರಲ್ಲಿ ಒಬ್ಬರಿಗಿದೆ. ನಮ್ಮ ಹಾಸ್ಟೆಲ್‌ನ ಒಂದು ರೂಮಿನಲ್ಲಿ ನಾಲ್ವರಿದ್ದರೆ, ರಾಜ್ಯದ ಲೆಕ್ಕದಲ್ಲಿ ಇಬ್ಬರಿಗೆ ಹತ್ತಿರ ಹತ್ತಿರ ಈ ತೊಂದರೆ ಇರಬಹುದು.

ವರದಿ ಹಿಡಿದು ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: “ಹಂಗಾದ್ರ ನಂಗೂ ಇದೇ ಏನು?”

ಅವ್ವ ಹತ್ತಿ ಬಿಡಿಸಲು ಹೋಗುತ್ತಾಳೆ. ಬಗ್ಗಿ ಬಿಡಿಸಿ, ಸೊಂಟದ ಉಡಿ ತುಂಬಿದಾಗ ನೆಟ್ಟಗಾಗಬೇಕು. ಹಾಗೆ ನೆಟ್ಟಗಾದಾಗಲೆಲ್ಲ ಕಣ್ಣು ಕತ್ತಲಾಗುತ್ತಿತ್ತಂತೆ, ಎರಡು ಮೂರು ವರ್ಷದಿಂದ. ಬಿಸಿಲಿಗೆ ಎಂದುಕೊಂಡಿದ್ದಳು. ಬಿಡಿಸಿದ ಹತ್ತಿಯ ತೂಕಕ್ಕೆ ಕೂಲಿ, ಕೂತರೆ ಕೂಲಿ ಇಲ್ಲ. ಅವಳನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.2. ಎಂಟಕ್ಕಿಂತ ಕೆಳಗೆ ಇಳಿದರೆ ತೀವ್ರ ರಕ್ತಹೀನತೆ. ಮುಟ್ಟು ಎಂಟು ಹತ್ತು ದಿನ ಹೋಗುತ್ತಿತ್ತು ಎಂಬುದನ್ನು ಅವಳು ವೈದ್ಯರ ಮುಂದೆಯೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿತು. ಸುದ್ದಿ ಓಣಿಗೆ ತಲುಪಿತು. ಮತ್ತೆ ಸಲಹೆಗಳು: “ಚೀಲ ತೆಗಿಸಿಬಿಡು, ಮಕ್ಕಳಾಗ್ಯಾವಲ್ಲ!” ನಮ್ಮ ಭಾಗದಲ್ಲಿ ಈ ಮಾತಿಗೆ ಭಯ ಹುಟ್ಟಿಸುವ ಇತಿಹಾಸವಿದೆ. ಹೊಟ್ಟೆನೋವು, ಬಿಳಿ ಮುಟ್ಟು ಎಂದು ಆಸ್ಪತ್ರೆಗೆ ಹೋದ ಬಡ ಮಹಿಳೆಯರ, ಅದರಲ್ಲೂ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣ 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಯಲಾಗಿ ರಾಜ್ಯವೇ ಬೆಚ್ಚಿತ್ತು. ಅವರಿಗೂ ಯಾರೋ ಖಚಿತ ದನಿಯಲ್ಲಿ ಸಲಹೆಯನ್ನೇ ಕೊಟ್ಟಿದ್ದರು. ಅವ್ವನ ವೈದ್ಯೆ ಹೇಳಿದ್ದು ಬೇರೆ. ಗಡ್ಡೆ ಸಣ್ಣದು, ಮೊದಲು ಮಾತ್ರೆಯಿಂದ ರಕ್ತಸ್ರಾವ ತಡೆಯೋಣ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡೋಣ, ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡೋಣ ಎಂದರು. ಅವಸರದ ಉತ್ತರಕ್ಕಿಂತ ಕಾದು ನೋಡುವ ಉತ್ತರ ಕೆಲವು ಸಲ ಹೆಚ್ಚು ಜಾಣತನದ್ದು.

ನನ್ನ ಚಿಕಿತ್ಸೆಯಲ್ಲಿ ಕಲಿತದ್ದನ್ನು ಗೆಳತಿಯರಿಗೆ ಹೇಳುತ್ತಲೇ ಇರುತ್ತೇನೆ. ಕಬ್ಬಿಣದ ಗುಳಿಗೆಯನ್ನು ಚಹಾ, ಕಾಫಿ, ಹಾಲಿನ ಜೊತೆ ನುಂಗಬಾರದು. ಇವು ಕಬ್ಬಿಣ ಹೀರುವುದನ್ನು ತಡೆಯುತ್ತವೆ. ಚಹಾ ಬೇಕೇ ಬೇಕಿದ್ದರೆ ಒಂದೆರಡು ತಾಸು ಬಿಟ್ಟು ಕುಡಿಯಬೇಕು. ನಿಂಬೆ, ಪೇರಲ, ನೆಲ್ಲಿಕಾಯಿಯ ಸಿ ಜೀವಸತ್ವ ಹೀರಲು ಸಹಾಯ ಮಾಡುತ್ತದೆ. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಗುಳಿಗೆಯ ಬಣ್ಣ. ಮಲಬದ್ಧತೆ, ಹೊಟ್ಟೆ ತೊಳೆಸುವಿಕೆ ಆದರೆ ಬಿಟ್ಟುಬಿಡುವ ಬದಲು ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ. ಮುಖ್ಯವಾಗಿ, ಚಕ್ಕರ್ ನಿಂತಿತೆಂದು ಗುಳಿಗೆ ನಿಲ್ಲಿಸಬಾರದು. ಹಿಮೋಗ್ಲೋಬಿನ್ ಸರಿಯಾದ ಮೇಲೂ ದೇಹದ ಉಗ್ರಾಣ ತುಂಬಲು ಸುಮಾರು ಮೂರು ತಿಂಗಳು ಬೇಕು.

ಊಟದಲ್ಲಿ ನಮ್ಮ ಅಡುಗೆಮನೆ ಬಡವಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯಪಲ್ಯ, ಮೊಳಕೆ ಕಾಳು, ಶೇಂಗಾ ಹಿಂಡಿ, ಮೇಲೆ ನಿಂಬೆ. ತಿನ್ನುವವರಿಗೆ ಮೊಟ್ಟೆ, ಮಾಂಸ. ಕಾಳು, ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ್ದು ಬೇಗ ಮೈಗೆ ಹತ್ತುತ್ತದೆ. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡುವ ಯೋಜನೆ ನಮ್ಮ ಯಾದಗಿರಿಯೂ ಸೇರಿದಂತೆ ಈ ಭಾಗದಲ್ಲಿ ಶುರುವಾಯಿತು. ದೊಡ್ಡ ಚರ್ಚೆಯೇ ನಡೆಯಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ಆಗ ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ನಮ್ಮ ಮಕ್ಕಳ ತೂಕ ಹೆಚ್ಚಾಗಿದ್ದು ಕಂಡಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. ಆದರೂ ಒಂದು ಎಚ್ಚರ: ಹಿಮೋಗ್ಲೋಬಿನ್ ಎಂಟಕ್ಕೆ ಇಳಿದ ಮೇಲೆ ಬೀಟ್ರೂಟ್, ಖರ್ಜೂರ ತಿಂದು ಏರಿಸುತ್ತೇನೆ ಎಂದರೆ ಆಗದು. ಊಟ ಕಾಪಾಡುತ್ತದೆ, ಚಿಕಿತ್ಸೆಯ ಜಾಗ ತುಂಬುವುದಿಲ್ಲ.

ಎಲ್ಲ ಚಕ್ಕರ್‌ಗೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕೂರುವುದೂ ಸರಿಯಲ್ಲ. ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಓಡುವಾಗಲೋ ಆಡುವಾಗಲೋ ಬಿದ್ದರೆ, ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಹೊಲದಲ್ಲಿ ಕೀಟನಾಶಕ ಹೊಡೆಯುವಾಗ ತಲೆ ಸುತ್ತಿ, ಬೆವರು, ಜೊಲ್ಲು, ವಾಂತಿ ಬಂದರೆ ಅದು ವಿಷವೇರಿದ ಲಕ್ಷಣ, ಬಿಸಿಲಿನದಲ್ಲ. ಗರ್ಭಿಣಿಯರು ಕಾಯಲೇಬಾರದು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ರಕ್ತ ಕಡಿಮೆಯಾಗಿದ್ದರೆ ಹೊಟ್ಟೆ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನೋಡಬೇಕು.

ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಗಿ ದಶಕ ದಾಟಿದೆ, ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಆದರೂ ಹಳ್ಳಿಯ ಹೆಣ್ಣುಮಗಳಿಗೆ ಆಸ್ಪತ್ರೆಯ ದೂರ ಕಿಲೋಮೀಟರಿನಲ್ಲಿ ಇಲ್ಲ. ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ‘ಸುಮ್ಮನೆ ಚಕ್ಕರ್ ಬಂದದ್ದಕ್ಕೆ ದವಾಖಾನಿ ಯಾಕ?’ ಎಂಬ ಮಾತು, ಇವೆಲ್ಲ ಸೇರಿದ ದೂರ ಅದು.

ನನ್ನ ಹಿಮೋಗ್ಲೋಬಿನ್ ಈಗ 11.8. ಅವ್ವನದು ಹತ್ತು ದಾಟಿದೆ, ಮರುಸ್ಕ್ಯಾನಿಗೆ ಇನ್ನೂ ಒಂದು ತಿಂಗಳಿದೆ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಹೊಲದಲ್ಲಿ ಯಾರೋ ಅವಳಿಗೆ ಚಕ್ಕರ್ ಬರುತ್ತದೆ ಅಂದದ್ದು ನನಗೂ ಕೇಳಿಸಿತು. ಅವ್ವ ಮದ್ದು ಹೇಳಲಿಲ್ಲ. “ಎದ್ದಾಗ ಬರ್ತದೋ, ಮಲಗಿದಾಗ ಬರ್ತದೋ? ಮುಟ್ಟು ಎಷ್ಟು ದಿನ ಹೋಗ್ತದ?” ಎಂದು ಕೇಳುತ್ತಿದ್ದಳು.