ಸಿಎನ್‌ಸಿ ಕಾಲದಲ್ಲೂ ಅರ ಹಿಡಿಯುವುದೇಕೆ?

ಹೊಸೂರು: ಹತ್ತನೇ ತರಗತಿ ಮುಗಿಸಿ ಐಟಿಐ ಫಿಟ್ಟರ್ ಇಲ್ಲವೇ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ ಮಕ್ಕಳ ಮೊದಲ ದೂರು, 'ದಿನವಿಡೀ ಕಬ್ಬಿಣ ಉಜ್ಜಿಸುತ್ತಾರೆ' ಎಂಬುದು. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳಿರುವಾಗ ಇದೇಕೆ ಎಂದು ಪಾಲಕರೂ ಕೇಳುತ್ತಾರೆ. ಪುಸ್ತಕ ಓದಿ ಬಾರದ ಕೆಲವು ಪಾಠಗಳು ಕೈಯಿಂದಲೇ ಬರಬೇಕು ಎಂಬುದೇ ಇದಕ್ಕೆ ಉತ್ತರ.

ಅರ ಕಲಿಸುವುದೇನು?

ಉಕ್ಕಿನ ತುಂಡನ್ನು ವೈಸ್‌ಗೆ ಬಿಗಿದು ಅರದಿಂದ ಸಮತಟ್ಟು ಮಾಡುವುದು ಮೊದಲ ಕೆಲಸ. ಮುಂದಕ್ಕೆ ತಳ್ಳುವಾಗ ಮಾತ್ರ ಅರದ ಹಲ್ಲು ಲೋಹ ಕತ್ತರಿಸುತ್ತದೆ. ಒತ್ತಿ ಹಿಂದಕ್ಕೆ ಎಳೆದರೆ ಹಲ್ಲು ಮೊಂಡಾಗುತ್ತದೆ. ಅರ ಮುಂದೆ ಸಾಗಿದಂತೆ ತುದಿ ಹಿಡಿದ ಕೈಯ ಒತ್ತಡ ಇಳಿಸಿ, ಹಿಡಿ ಹಿಡಿದ ಕೈಯ ಒತ್ತಡ ಏರಿಸಬೇಕು. ಇಲ್ಲದಿದ್ದರೆ ಅರ ತೊಟ್ಟಿಲಿನಂತೆ ತೂಗಿ ಮೇಲ್ಮೈ ಉಬ್ಬುತ್ತದೆ. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ತಪ್ಪು ಕಾಣುತ್ತದೆ.

ಇನ್ನೊಂದು ಪಾಠ ಬಿಸಿಯದು. ಲೋಹ ಕಾದರೆ ಹಿಗ್ಗುತ್ತದೆ ಎಂದು ಶಾಲೆಯಲ್ಲೇ ಓದಿರುತ್ತಾರೆ. 100 ಮಿಲಿಮೀಟರ್ ಉದ್ದದ ಉಕ್ಕು 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 0.024 ಮಿಲಿಮೀಟರ್ ಬೆಳೆಯುತ್ತದೆ. ತರಬೇತಿಯಲ್ಲಿ ಬಳಸುವ ವರ್ನಿಯರ್ 0.02 ಮಿಲಿಮೀಟರ್‌ವರೆಗೆ ಅಳೆಯುತ್ತದೆ. ಬಿಸಿ ತುಂಡನ್ನು ಅಳೆದು 'ಸರಿ' ಎಂದವನಿಗೆ ಆರಿದ ಮೇಲೆ ಅಳತೆ ಕಡಿಮೆ ಬರುತ್ತದೆ. ಕಡಿದ ಲೋಹವನ್ನು ಮತ್ತೆ ಅಂಟಿಸಲಾಗದು. ಈ ಎಚ್ಚರ ಇಲ್ಲದವನು ಸಿಎನ್‌ಸಿ ಮುಂದೆ ನಿಂತರೂ ಮಾಲು ಕೆಡುತ್ತದೆ.

ನೆರೆಯಲ್ಲೇ ಮಾದರಿ

ಈ ಪದ್ಧತಿಗೆ ನಮ್ಮ ಸೀಮೆಯಲ್ಲೇ ಹಳೆಯ ಮಾದರಿಗಳಿವೆ. ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಆರಂಭವಾದ ಎನ್‌ಟಿಟಿಎಫ್ ಮುಂದೆ ಬೆಂಗಳೂರಿಗೂ ಬಂತು. ಕರ್ನಾಟಕ ಸರ್ಕಾರದ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾಯಿತು. ತರಗತಿಯ ಪಾಠದಷ್ಟೇ ಕಾರ್ಯಾಗಾರದ ದುಡಿಮೆಗೂ ಬೆಲೆ ಕೊಡುವುದು ಇವುಗಳ ಕ್ರಮ.

ಕನ್ನಡದಲ್ಲಿ ಓದಿದ ಗಡಿಭಾಗದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಯಂತ್ರಭಾಗದ ಡ್ರಾಯಿಂಗ್‌ನಲ್ಲಿ ಗೆರೆ, ಅಂಕಿ, ಗುರುತುಗಳೇ ಹೆಚ್ಚು. ಅದನ್ನು ಓದಲು ಕಲಿತವರಿಗೆ ಹೊಸೂರಿನ ಸಿಪ್‌ಕಾಟ್ ಆಗಲಿ, ಬೆಂಗಳೂರಿನ ಪೀಣ್ಯ ಆಗಲಿ, ಭಾಷೆ ದೊಡ್ಡ ಅಡ್ಡಿಯಾಗದು.

ಸೇರಿಸುವ ಮುನ್ನ

ಕಟ್ಟಡ ನೋಡಿ ಮರುಳಾಗುವುದು ಬೇಡ. ಕಾರ್ಯಾಗಾರಕ್ಕೆ ಹೋಗಿ ನೋಡಿ. ಒಂದು ಲೇತ್‌ಗೆ ಎಷ್ಟು ಹುಡುಗರು? ಯಂತ್ರಗಳು ಓಡುತ್ತಿವೆಯೇ, ಧೂಳು ಹಿಡಿದಿವೆಯೇ? ವಾರಕ್ಕೆ ಎಷ್ಟು ಗಂಟೆ ಕೈಕೆಲಸ? ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಸಹಿತ ತರಬೇತಿ ಸಿಗುತ್ತಿದೆಯೇ? ಶುಲ್ಕ ಕಟ್ಟುವ ಮೊದಲು ಇಷ್ಟನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.